ವಾಲೆಟ್ ಎಕ್ಸ್‌ಟೆನ್ಷನ್, ಈಶಾನ್ಯ ಮೂಲೆ

ಕೆಂಪರಾಜನಿಗೆ ಷಡ್ಡಕನೊಬ್ಬ ಇರದೇ ಹೋಗಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಹೆಂಡತಿಯ ತಂಗಿಯನ್ನು ಮದುವೆಯಾದವನು ಷಡ್ಡಕ. ಅವನು ಬೈಕು ಕೊಂಡರೆ ನಾವು ಕಾರಿನ ಬೆಲೆ ವಿಚಾರಿಸಬೇಕು, ಅವನು ತಿರುಪತಿಗೆ ಹೋಗಿ ಬಂದರೆ ನಾವು ಕಾಶಿಯ ರೈಲು ಎಷ್ಟು ಹೊತ್ತಿಗೆಂದು ಕೇಳಬೇಕು. ಈ ನಿಯಮ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ದೇವನಹಳ್ಳಿ, ಹೊಸಕೋಟೆ ಎರಡೂ ತಾಲ್ಲೂಕುಗಳಲ್ಲಿ ಬಿಗಿಯಾಗಿ ಜಾರಿಯಲ್ಲಿದೆ.

ಕೆಂಪರಾಜನ ಷಡ್ಡಕ ಅನುಗೊಂಡನಹಳ್ಳಿಯ ಅನಿಲ್‌ಕುಮಾರ್. ಟೈಲ್ಸ್ ವ್ಯಾಪಾರಿ, ಮಾತು ತಾನು ಮಾರುವ ಟೈಲ್ಸಿಗಿಂತ ನುಣುಪು. ಒಮ್ಮೆ ಹೆಂಡತಿ ಶಶಿರೇಖಾಳನ್ನು ಬೈಕಿನಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ, ಕೈಮುಗಿದು, ಬೈಕ್ ಹತ್ತಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಾಫಿ ತಾರೇ ಎಂದು ಒಳಗೆ ಕೂಗಿದ ಮೇಲೆ, ಅವಳು ಘಾಟಿಯಲ್ಲೇ ಉಳಿದಿದ್ದಾಳೆಂದು ತಿಳಿದುಕೊಂಡ ಮನುಷ್ಯ. ಉಳಿದ ವಿಷಯಗಳಲ್ಲಿ ಅವನ ಜ್ಞಾಪಕಶಕ್ತಿ ಚೆನ್ನಾಗಿಯೇ ಇತ್ತು.

ಸಂಬಂಧಿಕರ ಬೀಗರೂಟವೊಂದರಲ್ಲಿ, ಮುದ್ದೆ ಬಂದು ಸಾರು ಇನ್ನೂ ಬರದಿದ್ದ ಹೊತ್ತಿನಲ್ಲಿ, ಅನಿಲ್‌ಕುಮಾರ್ ಪಂಕ್ತಿಗೆಲ್ಲ ಕೇಳುವಂತೆ, ಅಣ್ಣ ನಿಮ್ಮದು ವಾಲೆಟ್ ಇದೆಯಾ ಎಂದು ವಿಚಾರಿಸಿದ. ಕೆಂಪರಾಜ ಹಿಂದಿನ ಜೇಬಿಗೆ ಕೈಹಾಕಿ, ಮಧ್ಯೆ ಸವೆದುಹೋದ ಚರ್ಮದ ವಾಲೆಟ್ಟನ್ನು ತೆಗೆದು ತೋರಿಸಿದ. ಅನಿಲ್‌ಕುಮಾರ್ ನಕ್ಕ ನಗೆಗೆ ಪಕ್ಕದೆಲೆಯವರ ಮುದ್ದೆ ಅಲುಗಿತು. ಅವನು ಕೇಳಿದ್ದು ಕ್ರಿಪ್ಟೋ ವಾಲೆಟ್ಟು, ಕಂಪ್ಯೂಟರಿನೊಳಗೆ ಕಾಯಿನ್ ಇಡುವಂಥದ್ದು.

ಕುಂದಾಣದ ಬಸ್ ಸ್ಟಾಪಿನೆದುರು ಕೆಂಪರಾಜನದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತಾನೆ, ಆಧಾರ್ ಲ್ಯಾಮಿನೇಷನ್ ಮಾಡುತ್ತಾನೆ, ಆನ್‌ಲೈನ್ ಅರ್ಜಿ ತುಂಬುತ್ತಾನೆ. ಇಷ್ಟರಿಂದಲೇ ಊರು ಅವನನ್ನು ಕಂಪ್ಯೂಟರ್ ಪಂಡಿತನೆಂದು ಕರೆದಿತ್ತು. ಊರಿನ ಮಾತನ್ನು ಅಲ್ಲಗಳೆಯುವ ಸ್ವಭಾವ ಅವನದಲ್ಲ. ಅಂಥವನು ಎಲೆ ಮುಂದೆ ಕೂತು ಸೋಲುವುದುಂಟೆ?

"ಅದಾ? ಅದು ಕಂಪ್ಯೂಟರಲ್ಲಿ ಐತೆ ಕಣಪ್ಪ. ಇದು ಚಿಲ್ರೆಗೆ" ಎಂದುಬಿಟ್ಟ.

ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡುವುದು ಮರ್ಯಾದಸ್ಥರ ಲಕ್ಷಣ. ಮಾರನೆಯ ಬೆಳಿಗ್ಗೆಯೇ ಅವನು ಅಣ್ಣನ ಮಗಳು ನವ್ಯಶ್ರೀಗೆ ಫೋನ್ ಮಾಡಿದ. ಅವಳು ದೇವನಹಳ್ಳಿಯ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಮೊದಲು ಬೇಡವೇ ಬೇಡ ಎಂದಳು. ಚಿಕ್ಕಪ್ಪ ಕೇಳುವವನಲ್ಲ ಎಂದು ಗೊತ್ತಾದ ಮೇಲೆ, ಮಾಲೆ ಹಾಕುವವನಿಗೆ ಗುರುಸ್ವಾಮಿ ವ್ರತ ಹೇಳುವಂತೆ ಒಂದೊಂದೇ ಹೇಳಿದಳು. ಹುಡುಕಿದಾಗ ಮೇಲೆ ಜಾಹೀರಾತೆಂದು ಬರುವುದನ್ನು ಮುಟ್ಟಬಾರದು. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ಅಲ್ಲಿಂದಲೇ, ಬ್ರೌಸರಿನ ಮೂಲೆಯಲ್ಲಿ ಕೂರುವ ವಾಲೆಟ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಹೆಸರಿನ ಅಕ್ಷರ ಅಕ್ಷರವನ್ನೂ ನೋಡಬೇಕು, ಯಾಕೆಂದರೆ ಅದೇ ಬಣ್ಣ ಅದೇ ಚಿತ್ರದ ಖೋಟಾಗಳು ಬೇಕಾದಷ್ಟಿವೆ. ಪಾಸ್‌ವರ್ಡ್ ಹೊಸದಾಗಿರಬೇಕು, ಅಂಗಡಿಯ ಹೆಸರಾಗಿರಬಾರದು. ಕೊನೆಗೆ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದ ನಂಬರಿನ ಜೊತೆ ಬರುತ್ತವೆ.

"ಅದು ಬೀಜಮಂತ್ರ ಇದ್ದಂಗೆ ಚಿಕ್ಕಪ್ಪ. ಯಾರಿಗೂ ಹೇಳ್ಬಾರ್ದು. ಕಂಪನಿಯೋರು ಅಂತ ಫೋನ್ ಮಾಡಿದ್ರೂ ಹೇಳ್ಬಾರ್ದು. ಫೋಟೋ ತೆಗೀಬಾರ್ದು, ಕಂಪ್ಯೂಟರಲ್ಲಿ ಬರ್ದಿಡ್ಬಾರ್ದು. ನಾಳೆ ಕಂಪ್ಯೂಟರ್ ಕೆಟ್ಟೋದ್ರೆ ದುಡ್ಡು ವಾಪಸ್ ತರೋದು ಅದೊಂದೇ."

"ನಿಮ್ಮ ಚಿಕ್ಕಮ್ಮಂಗೂ ಹೇಳ್ಬಾರ್ದಾ?"

ಅದು ನಿಮ್ಮಿಷ್ಟ ಎಂದಳು ನವ್ಯಶ್ರೀ. ಕೆಂಪರಾಜ ಹೇಳದಿರುವುದನ್ನೇ ಇಷ್ಟಪಟ್ಟ. ಯಾಕೆಂದರೆ ವಾಲೆಟ್ಟಿನೊಳಗೆ ಹೋಗಲಿದ್ದ ದುಡ್ಡು ಹೆಂಡತಿ ಭಾಗ್ಯಮ್ಮನದು. ಎರಡು ಹೊತ್ತೂ ಹಾಲು ಡೈರಿಗೆ ಹಾಕಿ ಅವಳೇ ಸಾಕಿದ್ದ ಸೀಮೆಹಸು ಬತ್ತಿದ ಮೇಲೆ ಮಾರಿ, ಒಳ್ಳೆಯ ಕಡಸು ಸಿಗುವ ತನಕ ಪೋಸ್ಟಾಫೀಸಿನಲ್ಲಿ ಹಾಕಿ ಬನ್ನಿ ಎಂದು ಗಂಡನ ಕೈಗೆ ಕೊಟ್ಟಿದ್ದಳು. ಕೆಂಪರಾಜ ಅದನ್ನು ಷಡ್ಡಕನಿಗೆ ಕೊಟ್ಟ. ಅನಿಲ್‌ಕುಮಾರ್ ಅಷ್ಟಕ್ಕೂ ಕಾಯಿನ್ ಕೊಂಡು ಕೆಂಪರಾಜನ ವಾಲೆಟ್ಟಿಗೆ ಕಳಿಸಿದ. ಕಳಿಸುವಾಗ, ಇದು ಹಸುವಿಗಿಂತ ಬೇಗ ಈಯ್ತದೆ ಅಣ್ಣ, ಎಂದು ಧೈರ್ಯವನ್ನೂ ಹೇಳಿದ.

ಮಾತು ಮುಗಿಸುವ ಮೊದಲು ನವ್ಯಶ್ರೀ ಇನ್ನೊಂದು ಸೇರಿಸಿದ್ದಳು. ಕಾಗದ ನೆನೆಯುತ್ತದೆ, ಇಲಿ ತಿನ್ನುತ್ತದೆ, ಅದಕ್ಕೇ ಹುಷಾರಿರುವವರು ಆ ಪದಗಳನ್ನು ಸ್ಟೀಲಿನ ಮೇಲೆ ಹೊಡೆಸಿಡುತ್ತಾರೆ ಎಂದು. ಕಲಿತ ಹುಡುಗಿ, ಎಡವಿದ್ದು ಇಲ್ಲೇ. ಸ್ಟೀಲಿನ ಮೇಲೆ ಅಕ್ಷರ ಹೊಡೆಸುವುದೆಂದರೆ ನಮ್ಮ ಕಡೆ ಒಂದೇ ಅರ್ಥ, ಪಾತ್ರೆ ಅಂಗಡಿ.

ದೇವನಹಳ್ಳಿಯ ಪಾತ್ರೆ ಅಂಗಡಿಯಲ್ಲಿ ಮುಯ್ಯಿ ಪಾತ್ರೆಗಳಿಗೆ ಹೆಸರು ಹೊಡೆಯುವವನು ಚಲಪತಿ. ಕೆಂಪರಾಜ ಒಂದು ಡಜನ್ ಸ್ಟೀಲ್ ಲೋಟ ತೆಗೆದುಕೊಂಡು, ಒಂದೊಂದಕ್ಕೆ ಒಂದೊಂದು ಪದ, ನಂಬರ್ ಸಮೇತ ಹೊಡೆಯಬೇಕು ಎಂದ. ಯಾರಿಗೂ ಹೇಳಬಾರದೆಂಬ ವ್ರತವಿತ್ತಲ್ಲ, ಅದಕ್ಕೇ ಬಾಯಿಬಿಟ್ಟು ಹೇಳಲಿಲ್ಲ, ಚೀಟಿ ತೋರಿಸಿದ. ಇಂಗ್ಲಿಷ್ ಅಕ್ಷರಕ್ಕೆ ಕೈ ಓಡುವುದಿಲ್ಲ, ಕನ್ನಡದಲ್ಲಾದರೆ ಹೊಡೆಯುತ್ತೇನೆ ಎಂದ ಚಲಪತಿ. ಇದು ಇನ್ನೂ ಭದ್ರವೆಂದು ಕೆಂಪರಾಜನಿಗೆ ಸಂತೋಷವೇ ಆಯಿತು. ಒಂದನೇ ಲೋಟದ ಮೇಲೆ 'ರಿವರ್' ಬಂತು. ಎರಡನೆಯದಕ್ಕೆ ಚಲಪತಿ ಮಿಷನ್ ನಿಲ್ಲಿಸಿದ.

"ಸ್ವಾಮಿ, ಇದು ಡಾಂಕಿ ಅಂತೈತೆ. ಕೊಡ್ತಿರೋರ ಹೆಸರಾ, ಇಸ್ಕೊಳ್ಳೋರ ಹೆಸರಾ?"

ನಿನಗೆ ಬೇಡದ ವಿಷಯ ಎಂದ ಕೆಂಪರಾಜ. ಚಲಪತಿ ಜೀವಮಾನದಲ್ಲಿ ಬಹಳ ಹೆಸರು ಹೊಡೆದಿದ್ದವನು, ಮತ್ತೆ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಕೆಂಪರಾಜ ಚೀಟಿಯನ್ನು ಅಂಗಡಿಯ ಮುಂದೆಯೇ ಸುಟ್ಟು, ಬೂದಿಯನ್ನು ಚರಂಡಿಗೆ ಹಾಕಿ, ಲೋಟಗಳನ್ನು ಮನೆಯ ಅಟ್ಟದ ಮೇಲೆ ಹಳೇ ಪಂಚೆಯಲ್ಲಿ ಸುತ್ತಿಟ್ಟ. ಸುರಕ್ಷತೆಯಲ್ಲಿ ಒಂದು ಕೂದಲೆಳೆಯಷ್ಟೂ ಲೋಪವಿರಲಿಲ್ಲ.

ಆ ಸಂಜೆ ಅಂಗಡಿಗೆ ಜೆರಾಕ್ಸ್ ಮಾಡಿಸಲು ಪಂಚಾಯ್ತಿ ಮೆಂಬರ್ ಅಪ್ಪಯ್ಯಣ್ಣ ಬಂದರು. ಏರ್‌ಪೋರ್ಟ್ ಬಂದಾಗಿನಿಂದ ಸುತ್ತಮುತ್ತ ಎಲ್ಲೇ ಬಡಾವಣೆ ಎದ್ದರೂ ಅದರ ವಾಸನೆ ಮೊದಲು ಹತ್ತುವುದು ಅವರ ಮೂಗಿಗೆ. ಕೆಂಪರಾಜ ಹೆಮ್ಮೆ ತಡೆಯಲಾರದೆ, ಎಕ್ಸ್‌ಟೆನ್ಷನ್‌ನಲ್ಲಿ ದುಡ್ಡು ಹಾಕಿದ್ದೇನೆ ಎಂದ. ಯಾವ ಎಕ್ಸ್‌ಟೆನ್ಷನ್ನು ಎಂದರು ಅಪ್ಪಯ್ಯಣ್ಣ. ವಾಲೆಟ್ ಎಕ್ಸ್‌ಟೆನ್ಷನ್ನು ಎಂದ. ಅಪ್ಪಯ್ಯಣ್ಣನ ಕೈಲಿದ್ದ ಕಾಗದ ಕೈಯಲ್ಲೇ ಉಳಿಯಿತು.

"ಅಪ್ರೂವಲ್ ಆಗೈತಾ?"

"ಪಕ್ಕಾ. ಖೋಟಾ ಬೇಕಾದಷ್ಟವೆ ಅಣ್ಣ, ನಾನು ಅಕ್ಷರ ಅಕ್ಷರ ನೋಡೇ ತಗೊಂಡಿರೋದು."

"ಬರೋದೆಲ್ಲಿ?"

"ಮೇಲ್ಗಡೆ, ಬಲಗಡೆ ಮೂಲೆ" ಎಂದು ಕೆಂಪರಾಜ ಪರದೆಯ ಕಡೆ ಕೈ ತೋರಿಸಿದ. ಕನ್ನಡಕ ತರದಿದ್ದ ಅಪ್ಪಯ್ಯಣ್ಣನಿಗೆ ಅಲ್ಲಿ ಚೌಕ ಚೌಕವಾಗಿ ಏನೋ ಕಂಡಿತು. ನಕ್ಷೆಯಲ್ಲಿ ಮೇಲ್ಗಡೆ ಬಲಗಡೆ ಎಂದರೆ ಈಶಾನ್ಯ. ಈಶಾನ್ಯದಲ್ಲಿ, ಅದೂ ಮೂಲೆ. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವರು ಜೆರಾಕ್ಸ್ ಮಾಡಿಸುವುದನ್ನೂ ಮರೆತು ಹೊರಟರು.

ಇದಾದ ಮೇಲೆ ವರಮಹಾಲಕ್ಷ್ಮಿ ಹಬ್ಬ ಬಂತು. ಅಟ್ಟದಿಂದ ಕಳಶದ ಚೊಂಬು ಇಳಿಸಲು ಹತ್ತಿದ ಭಾಗ್ಯಮ್ಮನ ಕಣ್ಣಿಗೆ ಪಂಚೆಯ ಗಂಟು ಬಿತ್ತು. ಬಿಚ್ಚಿದರೆ ಹೊಳೆಯುವ ಹೊಸ ಲೋಟಗಳು. ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲೆಂದು, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ, ಗಂಡ ತಾನಾಗಿಯೇ ಯೋಚಿಸಿ ತಂದಿದ್ದಾನೆ ಎಂದು ಅವಳ ಮನಸ್ಸು ಕರಗಿತು. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಲೋಟ ಕೊಟ್ಟಳು. ಕೆಂಪರಾಜ ಆ ಹೊತ್ತಿಗೆ ಅಂಗಡಿಯಲ್ಲಿ ಕೂತು ಕಾಯಿನ್ ಏರಿದೆಯೋ ಇಳಿದಿದೆಯೋ ನೋಡುತ್ತಿದ್ದ. ಹಬ್ಬದ ಮಾರನೆಯ ದಿನದಿಂದ ಯಾಕೋ ಭಾಗ್ಯಮ್ಮ ಅವನಿಗೆ ಎರಡನೇ ಸಲ ಅನ್ನ ಬೇಕಾ ಎಂದು ಕೇಳುವುದನ್ನು ನಿಲ್ಲಿಸಿದ್ದಳು. ಹಬ್ಬದ ಸುಸ್ತಿರಬೇಕೆಂದು ಅವನು ಅದನ್ನು ಅಲ್ಲಿಗೇ ಬಿಟ್ಟ.

ಕಷ್ಟ ಒಂಟಿಯಾಗಿ ಬರುವುದಿಲ್ಲ. ಕಂಪ್ಯೂಟರ್ ನಿಧಾನವಾಗಿದೆ ಎಂದು ಕೆಂಪರಾಜ ರಿಪೇರಿಯ ಭೀಮರಾಜ್‌ನನ್ನು ಕರೆಸಿದ. ಅವನು ಪಹಣಿ ಅರ್ಜಿಗಳ ಫೈಲನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು, ಮಿಕ್ಕಿದ್ದನ್ನು ಒರೆಸಿ, ಫಾರ್ಮ್ಯಾಟ್ ಮಾಡಿದ್ದೇನೆ, ಈಗ ಹೊಸ ಕಂಪ್ಯೂಟರ್ರೇ ಎಂದ. ಬಲಗಡೆ ಮೇಲಿನ ಮೂಲೆಯೂ ಹೊಸದಾಗಿತ್ತು, ಅಲ್ಲಿ ಏನೂ ಇರಲಿಲ್ಲ. ಅದೇ ದಿನ ಭಾಗ್ಯಮ್ಮನ ಅಣ್ಣ ಗೋಪಾಲಪ್ಪ ಫೋನ್ ಮಾಡಿ, ಒಳ್ಳೇ ಕಡಸೊಂದು ನೋಡಿದ್ದೇನೆ, ಸೋಮವಾರ ದುಡ್ಡು ತಂದು ಹಗ್ಗ ಹಿಡಿಯಿರಿ ಎಂದ. ಭಾಗ್ಯಮ್ಮ ಗಂಡನ ಮುಖ ನೋಡದೆ, ಪೋಸ್ಟಾಫೀಸಿಂದ ನನ್ನ ದುಡ್ಡು ತನ್ನಿ ಎಂದಳು.

ನವ್ಯಶ್ರೀ ಫೋನಿನಲ್ಲಿ ಸಮಾಧಾನ ಹೇಳಿದಳು. ಹನ್ನೆರಡು ಪದ ಇವೆಯಲ್ಲ, ಸಾಕು, ಮತ್ತೆ ಎಕ್ಸ್‌ಟೆನ್ಷನ್ ಹಾಕಿ ಅವನ್ನು ಕೊಟ್ಟರೆ ಎಲ್ಲ ವಾಪಸ್ ಬರುತ್ತದೆ. ಕೆಂಪರಾಜ ಹಗುರಾಗಿ ಅಟ್ಟ ಹತ್ತಿದ. ಪಂಚೆ ಇತ್ತು.

ಲೋಟ ಎಲ್ಲಿ ಎಂದು ಕೇಳಿದರೆ ಭಾಗ್ಯಮ್ಮ ಹುಣಸೆಹಣ್ಣು ಬಿಡಿಸುತ್ತ, ಮುತ್ತೈದೇರಿಗೆ ಕೊಟ್ಟೆ ಎಂದಳು. ಯಾರ್ಯಾರಿಗೆ ಎಂದು ಕೇಳಿದ. ಊರಿಗೆ ಎಂದಳು. ಅವನು ಅಟ್ಟದ ಏಣಿಯ ಮೇಲೇ ಕೂತ. ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹೇಳಿದರೆ ಹಸುವಿನ ವಿಷಯ ಹೊರಗೆ ಬರುತ್ತದೆ.

ಪದ ನೋಡಿದರೆ ಸಾಕಲ್ಲ, ಲೋಟವೇ ಯಾಕೆ ಬೇಕು ಎಂದು ಅವನು ಮನೆ ಮನೆಗೆ ಹೋಗಿ ಕುಡಿಯಲು ನೀರು ಕೇಳಿದ. ಎಲ್ಲ ಮನೆಯಲ್ಲೂ ನೀರು ಬಂತು. ಒಂದು ಮನೆಯಲ್ಲೂ ಆ ಲೋಟದಲ್ಲಿ ಬರಲಿಲ್ಲ. ಮೂರು ಮನೆಯಲ್ಲಿ ಕಾಫಿ ಕೊಟ್ಟರು, ಹಿಂದೆಂದೂ ಕುರ್ಚಿ ಹಾಕದವರು ಕುರ್ಚಿ ಹಾಕಿದರು. ಹೊಟ್ಟೆ ಬಿರಿಯುವಂತಾಗಿ, ಅರಿಶಿನ ಕುಂಕುಮಕ್ಕೆ ಬಂದಿದ್ದ ಹಿರಿಯಳು ಅಮ್ಮಯಮ್ಮನ ಮನೆಗೆ ಬಂದವನು ನಾಚಿಕೆ ಬಿಟ್ಟು, ಅಜ್ಜಿ ಆ ಲೋಟ ಒಂದು ಸಲ ತೋರಿಸು ಎಂದ. ಅಮ್ಮಯಮ್ಮ ಎದ್ದು ಬಾಗಿಲಿಗೆ ಅಗುಳಿ ಹಾಕಿದಳು.

"ಲೇ ಮಗಾ, ಟ್ರಂಕಲ್ಲಿಟ್ಟು ಬೀಗ ಹಾಕಿವ್ನಿ. ಮೂರು ಆರ್ಚರ್ಡ್ ನಂದು. ನಂಬರ್ ಬದ್ಲಾಯ್ಸಕ್ಕೆ ಬಂದಿದ್ರೆ ಈಗ್ಲೇ ಎದ್ದೋಗು."

ಆಗ ಕೆಂಪರಾಜನಿಗೆ ಅರ್ಥವಾಯಿತು. ನಮ್ಮ ಸುತ್ತಿನ ಬಡಾವಣೆಗಳ ಬೋರ್ಡು ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ. ಒಂದು ಕಡೆ ಆರ್ಚರ್ಡು, ಒಂದು ಕಡೆ ವ್ಯಾಲಿ, ಬತ್ತಿದ ಕೆರೆಯ ಮೇಲೆ ಲೇಕು. ನಂಬರಿದೆ, ಹೆಸರಿದೆ, ಕೊಟ್ಟವನು ಎಕ್ಸ್‌ಟೆನ್ಷನ್‌ನಲ್ಲಿ ದುಡ್ಡು ಹಾಕಿದವನು. ಅಪ್ಪಯ್ಯಣ್ಣ ಊರಿಗೆಲ್ಲ ಬಿಡಿಸಿ ಹೇಳಿದ್ದರು. ವಾಲೆಟ್ ಎಕ್ಸ್‌ಟೆನ್ಷನ್‌ನಲ್ಲಿ ಸೈಟು ಹಂಚಿದ್ದಾರೆ, ಟೋಕನ್ ಬದಲು ಲೋಟ ಕೊಟ್ಟಿದ್ದಾರೆ, ಮಹಾಲಕ್ಷ್ಮಿ ಹಬ್ಬದ ದಿನ ಕೊಟ್ಟದ್ದು ವಾಪಸ್ ಕೇಳುವ ಹಾಗಿಲ್ಲ. ಅದು ಸೈಟಲ್ಲ ಎಂದು ಕೆಂಪರಾಜ ಆಣೆ ಮಾಡಿ ಹೇಳಿದ. ಸೈಟಿರುವವರೆಲ್ಲ ಮೊದಲು ಹೀಗೇ ಹೇಳುವುದು ಎಂದಳು ಅಮ್ಮಯಮ್ಮ.

ಊರಿನಲ್ಲಿ ಅತೃಪ್ತಿಯಿದ್ದದ್ದು ಒಬ್ಬರಿಗೇ, ಅಪ್ಪಯ್ಯಣ್ಣನಿಗೆ. ಅವರ ಹೆಂಡತಿಗೆ ಸಿಕ್ಕಿದ್ದು 'ಎರಡು ಡಾಂಕಿ'. ವಿಸಿಟಿಂಗ್ ಕಾರ್ಡಿನಲ್ಲಿ ಡಾಂಕಿ ಬ್ಲಾಕ್ ಎಂದು ಹಾಕಿಸಿಕೊಳ್ಳುವುದು ಪಂಚಾಯ್ತಿ ಮೆಂಬರಿಗೆ ಶೋಭೆಯೇ? ಹಂಚಿಕೆ ಪಾರದರ್ಶಕವಾಗಿ ಮತ್ತೊಮ್ಮೆ ಆಗಬೇಕೆಂದು ಅವರು ಭಾನುವಾರ ಹಾಲಿನ ಡೈರಿಯ ಮುಂದೆ ಸಭೆ ಕರೆದರು. ಲೋಟ ಇರುವವರೆಲ್ಲ ಲೋಟ ತರಬೇಕು. ಕೆಂಪರಾಜನಿಗೆ ಹೋದ ಜೀವ ಬಂತು. ಎಲ್ಲ ಲೋಟಗಳನ್ನೂ ಕಣ್ಣಲ್ಲಿ ನೋಡಿ, ಮೆಲ್ಲಗೆ ಬರೆದುಕೊಂಡರೆ ಆಯಿತು.

ಅಪ್ಪಯ್ಯಣ್ಣ ಮೈಕ್ ತರಿಸುತ್ತಾರೆಂದು ಅವನು ಎಣಿಸಿರಲಿಲ್ಲ. ಅನಿಲ್‌ಕುಮಾರ್ ಬರುತ್ತಾನೆಂದೂ ಎಣಿಸಿರಲಿಲ್ಲ. ಹೆಂಡತಿಯ ಅಕ್ಕನ ಊರಿನಲ್ಲಿ ಸೈಟು ಹಂಚುತ್ತಿದ್ದಾರೆಂಬ ಸುದ್ದಿ ಹೊಸಕೋಟೆ ದಾಟಿ ಅನುಗೊಂಡನಹಳ್ಳಿಗೂ ಮುಟ್ಟಿತ್ತು.

"ಎಲ್ಲರಿಗೂ ಕೇಳಿಸ್ತಾ ಐತಾ? ಒಂದು, ರಿವರ್" ಎಂದರು ಅಪ್ಪಯ್ಯಣ್ಣ ಮೈಕಿನಲ್ಲಿ. ಡೈರಿಯ ಮೇಲಿನ ಹಾರ್ನ್ ಸ್ಪೀಕರು ಅದನ್ನು ಇಡೀ ಕುಂದಾಣಕ್ಕೆ ಮುಟ್ಟಿಸಿತು. ಕಂಪನಿಯವರು ಕೇಳಿದರೂ ಹೇಳಬಾರದು ಎಂದಿದ್ದ ಬೀಜಮಂತ್ರ, ನಂಬರ್ ಸಮೇತ, ಎರಡೆರಡು ಸಲ. ಕೆಂಪರಾಜ ಮೈಕ್ ಹಿಡಿಯಲು ಓಡಿದ. ಪಕ್ಷಪಾತ ಮಾಡಲು ಬರುತ್ತಿದ್ದಾನೆಂದು ನಾಲ್ಕು ಜನ ಹಿಡಿದು ಕೂರಿಸಿದರು. 'ಎರಡು' ಎಂದು ಹೇಳಿ ಅಪ್ಪಯ್ಯಣ್ಣ ಗಂಟಲು ಸರಿಮಾಡಿಕೊಂಡರು. ಮುಂದಿನ ಪದವನ್ನು ಸ್ವಲ್ಪ ಮೆತ್ತಗೆ ಹೇಳಿದರೂ ಸ್ಪೀಕರು ಮೆತ್ತಗೆ ಹೇಳಲಿಲ್ಲ.

ಕೂತಲ್ಲಿಂದ ಕೆಂಪರಾಜ ಕಂಡಿದ್ದು ಒಂದೇ. ಗುಂಪಿನ ಹಿಂದೆ, ಲೋಟವೂ ಇಲ್ಲದ ಸೈಟೂ ಇಲ್ಲದ ಅನಿಲ್‌ಕುಮಾರ್ ಮೊದಲು ಬೆರಗಾಗಿ, ಆಮೇಲೆ ಮೆಲ್ಲಗೆ ಫೋನ್ ತೆಗೆದು, ಒಂದೊಂದೇ ಪದ ಟೈಪು ಮಾಡಿಕೊಳ್ಳುತ್ತಿದ್ದ. ಅಣ್ಣ ಮರೆತರೆ ಸಹಾಯಕ್ಕಿರಲಿ ಎಂದಿರಬೇಕು. ಆ ಜನದೊಳಗೆ ಆ ಪದಗಳ ಬೆಲೆ ಗೊತ್ತಿದ್ದವನು ಅವನೊಬ್ಬನೇ.

ಐದನೆಯದಕ್ಕೆ ಗಲಾಟೆ ಎದ್ದಿತು. ಡೈರಿ ಸೆಕ್ರೆಟರಿಯ ಹೆಂಡತಿ ಮಮತಳ ಲೋಟದ ಮೇಲೆ 'ಐದು ಟ್ವೆಲ್ವ್' ಎಂದಿತ್ತು. ಒಂದೇ ಮನೆಗೆ ಐದೂ ಹನ್ನೆರಡೂ ಎರಡು ಸೈಟು ಹೇಗೆ ಎಂದು ಜನ ಕೇಳಿದರು. ನಮ್ಮ ಹಣೆಬರಹದಲ್ಲಿತ್ತು, ನಿಮಗ್ಯಾಕೆ ಹೊಟ್ಟೆಯುರಿ ಎಂದಳು ಮಮತ. ಜಗಳ ನಡೆಯುತ್ತಿದ್ದಂತೆಯೇ ಮಿಕ್ಕ ಲೋಟಗಳನ್ನೂ ಓದಿ, ಹನ್ನೊಂದು ಮುಗಿಯಿತು. ಹನ್ನೆರಡನೆಯದು ಯಾರದು ಎಂದರು ಅಪ್ಪಯ್ಯಣ್ಣ. ಯಾರೂ ಬರಲಿಲ್ಲ. ಅದೂ ಮಮತಳದೇ ಎಂದು ಜನ ತೀರ್ಮಾನಿಸಿ ಜಗಳಕ್ಕೆ ವಾಪಸ್ ಹೋದರು. ಅನಿಲ್‌ಕುಮಾರ್ ಮಾತ್ರ ಫೋನ್ ಹಿಡಿದುಕೊಂಡು, ಹನ್ನೆರಡು ಹನ್ನೆರಡು ಎಂದು ಕತ್ತು ಚಾಚುತ್ತಲೇ ಇದ್ದ.

ಕೂತಲ್ಲೇ ಹನ್ನೊಂದು ಪದವನ್ನೂ ಅಂಗೈ ಮೇಲೆ ಬರೆದುಕೊಂಡಿದ್ದ ಕೆಂಪರಾಜ ಜಗಳದ ನಡುವೆ ನುಸುಳಿ ಮನೆಗೆ ಬಂದ. ದಾರಿಯಲ್ಲೇ ನವ್ಯಶ್ರೀಗೆ ಫೋನ್ ಮಾಡಿದ. ಅವಳು, ಹನ್ನೊಂದು ಪದ ಊರಿಗೆ ಗೊತ್ತಾಗಿದ್ದರೆ ಗೊತ್ತಿರುವವರು ಹನ್ನೆರಡನೆಯದನ್ನು ಊಹಿಸಬಹುದು, ಇವತ್ತೇ ದುಡ್ಡು ತೆಗೆಯದಿದ್ದರೆ ಅದು ನಿಮ್ಮದಲ್ಲ ಎಂದಳು. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಭಾಗ್ಯಮ್ಮನ ಕಾಲ ಕಡೆ ನೋಡುತ್ತ, ಎಲ್ಲವನ್ನೂ ಹೇಳಿಬಿಟ್ಟ. ಪೋಸ್ಟಾಫೀಸಿಗೆ ಹೋಗಲಿಲ್ಲ ಎಂದ. ಹಸು ಲೋಟದೊಳಗಿದೆ ಎಂದ. ಹೇಳುತ್ತ ಅವನಿಗೆ ನಿಜವಾಗಿ ಅಳು ಬಂತು, ಷಡ್ಡಕನೆದುರು ತಲೆಯೆತ್ತಲು ಹೋಗಿ ಹೆಂಡತಿಯ ಕೊಟ್ಟಿಗೆ ಬರಿದು ಮಾಡಿದೆನಲ್ಲ ಎಂದು.

ಭಾಗ್ಯಮ್ಮ ಒಳಗೆ ಹೋದಳು. ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಲೋಟ ತೆಗೆದು, ಸೆರಗಿನಲ್ಲಿ ಒರೆಸಿ, ಅವನ ಮುಂದೆ ಇಟ್ಟಳು. 'ಹನ್ನೆರಡು ವೈಫ್' ಎಂದಿತ್ತು.

"ಇದನ್ನ ಹೆಂಗ್ರೀ ಕೊಡ್ಲಿ ಇನ್ನೊಬ್ಬಳ ಕೈಗೆ? ಓದ್ದಾಗ ನಂಗೇ ಅಂತ ತಂದವ್ರೆ ಅಂದ್ಕೊಂಡೆ. ಆಮೇಲೆ ಅದ್ರ ಮುಂದೆ ಹನ್ನೆರಡು ಅಂತಿರೋದು ನೋಡ್ದೆ."

"ಅದಕ್ಕಾ ನೀನು ಅನ್ನ..."

"ಮಿಕ್ಕ ಹನ್ನೊಂದು ಜನ ಯಾರು ಅಂತ ಕೇಳೋಣ ಅಂತಿದ್ದೆ. ಬಿಡಿ, ಮೊದ್ಲು ಹೋಗಿ ನನ್ನ ಹಸು ಬಿಡಿಸ್ಕೊಂಡು ಬನ್ನಿ."

ಅಂದು ಅಂಗಡಿಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ನವ್ಯಶ್ರೀ ಫೋನಿನಲ್ಲಿ ಹೇಳುತ್ತ ಹೋದಳು, ಕೆಂಪರಾಜ ಮತ್ತೊಮ್ಮೆ ಅಕ್ಷರ ಅಕ್ಷರ ನೋಡಿ ಎಕ್ಸ್‌ಟೆನ್ಷನ್ ಹಾಕಿದ, ಪಕ್ಕದಲ್ಲಿ ಭಾಗ್ಯಮ್ಮ ಲೋಟ ಹಿಡಿದು ಕೂತಿದ್ದಳು. ವಾಲೆಟ್ ತೆರೆಯಿತು. ಕಾಯಿನ್ ಏರಿಯೂ ಇರಲಿಲ್ಲ, ಹೇಳಿಕೊಳ್ಳುವಷ್ಟು ಇಳಿದೂ ಇರಲಿಲ್ಲ. ಎಲ್ಲ ಮಾರಿ, ದುಡ್ಡು ನೇರವಾಗಿ ಭಾಗ್ಯಮ್ಮನ ಖಾತೆಗೆ ಹೋಯಿತು. ಗೋಪಾಲಪ್ಪ ಹೇಳಿದ ಕಡಸು ಈಗ ಅವರ ಕೊಟ್ಟಿಗೆಯಲ್ಲಿದೆ, ಭಾಗ್ಯಮ್ಮ ಸಂಜೆಯ ಕಾಫಿಯನ್ನು ಆ ಲೋಟದಲ್ಲೇ ಕುಡಿಯುತ್ತಾಳೆ. ಹನ್ನೆರಡು ಎಂಬುದನ್ನು ಚಲಪತಿಯ ಹತ್ತಿರ ಉಜ್ಜಿಸಿಕೊಂಡು ಬಂದಿದ್ದಾಳೆ.

ಊರಿನವರು ಇನ್ನೂ ಲೋಟ ಬಿಟ್ಟುಕೊಟ್ಟಿಲ್ಲ. ಅಮ್ಮಯಮ್ಮನ ಮೂರು ಆರ್ಚರ್ಡಿಗೆ ಯಲಹಂಕದ ಬ್ರೋಕರೊಬ್ಬ ಬಂದು ಹೋದನಂತೆ.

ಅನಿಲ್‌ಕುಮಾರ್‌ಗೆ ವಾಲೆಟ್ ಖಾಲಿಯಾಗಿರುವುದನ್ನು ಯಾರೂ ಹೇಳಿಲ್ಲ. ಅವನು ಟೈಲ್ಸ್ ಅಂಗಡಿಯಲ್ಲಿ ಗಿರಾಕಿಯಿಲ್ಲದಾಗೆಲ್ಲ ಕೂತು, ಹನ್ನೊಂದು ಪದ ಹಾಕಿ, ಹನ್ನೆರಡನೆಯದನ್ನು ಊಹಿಸುತ್ತಾನೆಂದು ಶಶಿರೇಖಾ ಅಕ್ಕನಿಗೆ ಫೋನಿನಲ್ಲಿ ಹೇಳಿದಳು. ಗೋಲ್ಡ್ ಹಾಕಿದನಂತೆ, ಪ್ಯಾಲೇಸ್ ಹಾಕಿದನಂತೆ, ಟೈಲ್ಸ್ ಕೂಡ ಹಾಕಿ ನೋಡಿದನಂತೆ. ಅವನು ಕೂತಲ್ಲಿಗೇ ದಿನಾ ಕಾಫಿ ತಂದಿಟ್ಟು ಹೋಗುವವಳು ಅವಳೇ. ಆ ಪದ ಅವನಿಗೆ ಇನ್ನೂ ಹೊಳೆದಿಲ್ಲ.